ಅಮ್ಮ ಕಥೆ ಕೇಳಿದ ಮಳೆಗಾಲ

ಕಳೆದ ತಿಂಗಳು ಕಾರ್ಖಾನೆಯ ಗೆಳೆಯನೊಬ್ಬನ ಮಗಳ ಮದುವೆಯೂಟಕ್ಕೆ ಹೋಗಿದ್ದೆ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಬಡಿಸುವವರು ಒಂದು ಪಾತ್ರೆಯ ಮುಚ್ಚಳ ತೆಗೆದರು. ವಿನೆಗರಿನಲ್ಲಿ ನೆನೆಸಿದ ನೀರುಳ್ಳಿ. ಆ ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ಮುಂದೆ ಹೆಜ್ಜೆ ಇಡುವುದನ್ನೇ ಮರೆತೆ. ಹಿಂದಿದ್ದವರು "ಎಂತ ಮಾರ್ರೆ, ಸಾಲು ನಿಂತೇ ಹೋಯಿತಲ್ಲ" ಎಂದಾಗ ಎಚ್ಚರವಾಯಿತು.

ಈ ವಾಸನೆಯಿಂದ ಬೇರೆಯವರಿಗೆ ಮದುವೆಮನೆಯೋ ಉಪ್ಪಿನಕಾಯಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಡಯಾಲಿಸಿಸ್ ವಾರ್ಡು. ರಕ್ತ ಸೋಸುವ ಕೊಳವೆಗಳನ್ನು ತೊಳೆಯುವ ಔಷಧಕ್ಕೆ ಇಂಥದೇ ವಾಸನೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದ ಆ ಕೋಣೆಯಲ್ಲಿ, ಒದ್ದೆ ಕೊಡೆಗಳ ವಾಸನೆಯೂ ಸೇರಿಕೊಂಡು, ಅದು ಬಟ್ಟೆಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಅಮ್ಮನೂ ನಾನೂ ಒಂದಿಡೀ ಮಳೆಗಾಲ ಅಲ್ಲಿ ಕೂತು ಕಥೆ ಓದಿದೆವು. ಸರಿಯಾಗಿ ಹೇಳಬೇಕೆಂದರೆ ನಾನು ಓದಿದೆ, ಅವಳು ಕೇಳಿದಳು, ಮತ್ತು ಪ್ರತಿ ಕಥೆಗೂ ಏನಾದರೊಂದು ಹೇಳಿದಳು. ಅವಳು ಹೇಳಿದ್ದು ಇಷ್ಟು ವರ್ಷವಾದ ಮೇಲೂ ತಲೆಯಿಂದ ಹೋಗಿಲ್ಲ.

ಅಮ್ಮನಿಗೂ ಪುಸ್ತಕಕ್ಕೂ ಸಂಬಂಧವೇ ಇರಲಿಲ್ಲ. ಬಂದರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು ಇತ್ತು. ಗೋದಾಮುಗಳಲ್ಲಿ ಮೂಟೆ ಹೊರುವವರು, ದೋಣಿಗಳು ನಿಲ್ಲುವ ದಕ್ಕೆಯಿಂದ ಮೀನು ತರುವವರು, ಲಾರಿ ಡ್ರೈವರುಗಳು, ಇವರೇ ಗಿರಾಕಿಗಳು. ಅಪ್ಪ ಇರುವವರೆಗೆ ಅವರು ಗಲ್ಲಾಪೆಟ್ಟಿಗೆಯ ಮುಂದೆ, ಅಮ್ಮ ಒಳಗೆ ಒಲೆಯ ಮುಂದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಎರಡೂ ಕಡೆ. ಅವಳ ಸ್ವರ ರಸ್ತೆಯ ಆ ಬದಿಗೆ ಕೇಳುತ್ತಿತ್ತು. ಮಂಡಿನೋವು ಹೆಚ್ಚಾದ ಮೇಲೆ ಹೋಟೆಲು ಮುಚ್ಚಿ ಅಳಕೆಯ ನಮ್ಮ ಮನೆಯಲ್ಲಿ ಕೂತಳು. ಆಮೇಲೆ ಬಿಪಿ, ಕಾಲು ಬಾವು, ಒಂದು ದಿನ ಉಸಿರು ಸಿಕ್ಕದೆ ಆಸ್ಪತ್ರೆ. ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿದ್ದವು.

ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ನಾನು ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಆ ಎರಡು ದಿನ ಸಂಜೆಯ ಪಾಳಿ ಮಾಡಿಸಿಕೊಂಡು ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳ ಎಡಗೈಗೆ ಎರಡು ಸೂಜಿ ಚುಚ್ಚಿ ಯಂತ್ರಕ್ಕೆ ಸೇರಿಸಿದರೆ ನಾಲ್ಕು ಗಂಟೆ ಕೈ ಅಲುಗಿಸುವ ಹಾಗಿಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಶಬ್ದವಿಲ್ಲದೆ ಸುದ್ದಿ ಓಡುತ್ತಿತ್ತು. ಮೊದಲ ವಾರ ಅಮ್ಮ ಟಿವಿ ನೋಡಿದಳು, ನಾನು ಅಮ್ಮನನ್ನು ನೋಡಿದೆ. ನಮಗೆ ಮಾತಾಡಲು ಏನೂ ಇರಲಿಲ್ಲ. ಹೋಟೆಲಿನ ತೆಂಗಿನಕಾಯಿ, ಅಕ್ಕಿ, ಗ್ಯಾಸು ಬಿಟ್ಟರೆ ನಾವಿಬ್ಬರೂ ಬೇರೆ ವಿಷಯ ಮಾತಾಡಿಯೇ ಇಲ್ಲವೆಂದು ನನಗೆ ಗೊತ್ತಾದದ್ದು ಅಲ್ಲಿ.

ನನ್ನ ಹೆಂಡತಿ ಶುಭಾ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಅವಳೇ ಒಂದು ಪುಸ್ತಕ ತಂದು ನನ್ನ ಚೀಲಕ್ಕೆ ಹಾಕಿದಳು. ಬೇರೆ ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಸಣ್ಣಕಥೆಗಳು, ಎಲ್ಲವೂ ಹೆತ್ತವರ ಮತ್ತು ಮಕ್ಕಳ ಬಗ್ಗೆ.

"ಅತ್ತೆಗೆ ಓದಿ ಹೇಳಿ. ನಾಲ್ಕು ಗಂಟೆ ಗೋಡೆ ನೋಡಿ ಕೂತರೆ ಇಬ್ಬರಿಗೂ ಮಂಡೆ ಬಿಸಿ ಆಗ್ತದೆ."

"ಅಮ್ಮ ಕಥೆ ಕೇಳ್ತಾಳಾ?"

"ಕೇಳದಿದ್ದರೆ ಎದ್ದು ಹೋಗ್ಲಿಕ್ಕೆ ಆಗುದಿಲ್ಲವಲ್ಲ" ಎಂದು ನಕ್ಕಳು.

ಮೊದಲ ಕಥೆ ಒಬ್ಬ ವಿಧವೆ ತಾಯಿಯದು. ದಿನವೂ ಅಡುಗೆ ಮಾಡಿ ಮಗನಿಗಾಗಿ ಕಾಯುತ್ತಾಳೆ. ಮಗ ದಿನದಿಂದ ದಿನಕ್ಕೆ ತಡವಾಗಿ ಬರುತ್ತಾನೆ. ಕೊನೆಗೆ ಒಂದು ದಿನ ಅವನು ಬೇಗ ಬಂದಾಗ ಅವಳು ಅಡುಗೆಯನ್ನೇ ಮಾಡಿಲ್ಲ, ನೆರೆಮನೆಯಲ್ಲಿ ಹಾಡು ಕೇಳುತ್ತಾ ಕೂತಿದ್ದಾಳೆ. ಮುಗಿಸಿ ಅಮ್ಮನ ಮುಖ ನೋಡಿದೆ.

"ಎಂತ ಅಡುಗೆ?" ಎಂದು ಕೇಳಿದಳು.

"ಎಂತ ಅಂದರೆ?"

"ದಿನಾ ಅಡುಗೆ ಮಾಡಿದಳು, ಅಡುಗೆ ಮಾಡಿದಳು ಅಂತ ಬರೆದಿದ್ದಾರಲ್ಲ. ಎಂತ ಮಾಡಿದಳು? ಮೀನಾ? ಬರೀ ಸಾರಾ? ಅದು ಗೊತ್ತಾಗದೆ ಅವನು ಯಾಕೆ ತಡ ಮಾಡಿದ ಅಂತ ಹೇಗೆ ಹೇಳುದು?"

ನಾವು ಮನೆಯಲ್ಲಿ ತುಳು ಮಾತಾಡುವವರು. ವಾರ್ಡಿನಲ್ಲೂ ಅಮ್ಮ ಮಾತಾಡಿದ್ದು ತುಳುವಿನಲ್ಲೇ. ಅದು ಪಕ್ಕದ ಹಾಸಿಗೆಯವರಿಗೂ ಅರ್ಥವಾಯಿತು. ಪರದೆಯ ಆ ಕಡೆಯಿಂದ ಒಬ್ಬರು ದೊಡ್ಡದಾಗಿ ನಕ್ಕರು.

"ಸ್ವರ ಕೇಳಿಯೇ ಅಂದುಕೊಂಡೆ, ಬಂದರಿನ ಹೋಟೆಲಿನ ಅಕ್ಕ ಅಲ್ಲವಾ ನೀವು?"

ಹಮೀದ್ ಕಾಕ, ಎಲ್ಲರ ಬಾಯಲ್ಲಿ ಹಮೀದಾಕ, ನಮಗೆ ಸಿಕ್ಕಿದ್ದು ಹೀಗೆ. ಉಳ್ಳಾಲದವರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡಿಕೊಂಡಿದ್ದವರು. ನಮ್ಮ ಹೋಟೆಲಿನಲ್ಲಿ ಎಷ್ಟೋ ಸಲ ಗೋಳಿಬಜೆ ತಿಂದಿದ್ದರಂತೆ. ಅಮ್ಮನಿಗೆ ಅವರ ನೆನಪಿರಲಿಲ್ಲ, ಆದರೆ ತನ್ನ ಗೋಳಿಬಜೆ ನೆನಪಿಟ್ಟವರ ಮೇಲೆ ಅವಳಿಗೆ ತಕ್ಷಣ ಪ್ರೀತಿ ಹುಟ್ಟಿತು. ಅಂದಿನಿಂದ ಸಿಸ್ಟರ್ ಲವೀನಾಗೆ ಹೇಳಿ ಎರಡು ಹಾಸಿಗೆಗಳ ನಡುವಿನ ಪರದೆ ಸರಿಸಿಡುವುದು ರೂಢಿಯಾಯಿತು. ನನಗೆ ಕೇಳುಗರು ಇಬ್ಬರಾದರು.

ಹಮೀದಾಕ ಕಥೆ ಕೇಳುವ ಬಗೆಯೇ ಬೇರೆ. ಅವರಿಗೆ ಜನ ಒಳ್ಳೆಯವರಾಗಿರಬೇಕು. ಯಾರಾದರೂ ತಂದೆಗೆ ಎದುರು ಮಾತಾಡಿದರೆ "ಚೆ, ಚೆ" ಎಂದು ತಲೆಯಾಡಿಸುತ್ತಿದ್ದರು. ಅಮ್ಮನಿಗೆ ಒಳ್ಳೆಯವರು ಕೆಟ್ಟವರು ಎಂಬ ಗೊಡವೆಯೇ ಇಲ್ಲ. ಅವಳಿಗೆ ಬೇಕಾದದ್ದು ಬೇರೆ ಏನೋ. ಅದೇನೆಂದು ತಿಳಿಯುವ ಕುತೂಹಲ ನನಗೆ ಹತ್ತಿಕೊಂಡಿತು. ಮುಂದಿನ ಕಥೆಗೆ ಅಮ್ಮ ಏನು ಹೇಳಬಹುದೆಂದು ಬೈಕಂಪಾಡಿಯ ಟ್ರಾಫಿಕ್ಕಿನಲ್ಲಿ ಮಳೆಯಲ್ಲಿ ಸಿಕ್ಕಿಬಿದ್ದಾಗಲೂ ಯೋಚಿಸುತ್ತಿದ್ದೆ. ಊಹಿಸಿದ್ದು ಒಮ್ಮೆಯೂ ಸರಿಯಾಗಲಿಲ್ಲ.

ಒಂದು ಕಥೆಯಲ್ಲಿ ಮಗನ ಓದಿಗಾಗಿ ತಂದೆ ತನ್ನ ಹಾರ್ಮೋನಿಯಂ ಮಾರುತ್ತಾನೆ. ಮಗ ದೊಡ್ಡವನಾಗಿ ಊರೂರು ಹುಡುಕಿ ಅಂಥದೇ ಹಾರ್ಮೋನಿಯಂ ಹೊತ್ತು ತರುತ್ತಾನೆ. ತಂದೆ ಅದನ್ನು ಮುಟ್ಟುವುದೇ ಇಲ್ಲ. ಹಮೀದಾಕನಿಗೆ ಕೋಪ ಬಂತು.

"ಇದು ಎಂತ ಜನ ಮಾರಾಯ್ರೆ! ಹುಡುಗ ಅಷ್ಟು ದೂರದಿಂದ ಹೊತ್ತು ತಂದಿದ್ದಾನೆ. ಒಂದು ಸಲ ಬಾರಿಸಿದರೆ ಎಂತ ಹೋಗ್ತದೆ?"

ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಬಾರಿಸಿದರೆ ಮುಗೀತಲ್ಲ ಹಮೀದ್. ಮತ್ತೆ ಅವನು ಅಪ್ಪ ಅಲ್ಲ. ಸಾಮಾನು ವಾಪಸ್ ಸಿಕ್ಕಿದ ಒಬ್ಬ ಮನುಷ್ಯ."

ಆ ಮಾತು ನನಗೆ ಆಗ ಪೂರ್ತಿ ಅರ್ಥವಾಗಲಿಲ್ಲ.

ಆಷಾಢದ ಮಳೆ ಜೋರಾಗಿ ಹಿಡಿಯಿತು. ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ ಅಮ್ಮನಿಗೆ ದಿನಕ್ಕೆ ಕುಡಿಯಲು ಒಂದು ಸಣ್ಣ ಬಾಟಲಿಯಷ್ಟೇ ನೀರು. ಹೊರಗೆ ಚರಂಡಿ ತುಂಬಿ ರಸ್ತೆಗೆ ಹರಿಯುತ್ತಿರುವಾಗ ಅವಳು ನಾಲಗೆ ಒಣಗಿಸಿಕೊಂಡು ಕಿಟಕಿಯಲ್ಲಿ ಕೂತಿರುತ್ತಿದ್ದಳು. ಗಂಜಿ ಉಣ್ಣುವವಳು, ತಿಳಿ ಬಸಿದ ಒಣ ಅನ್ನ ಉಣ್ಣಬೇಕಾಯಿತು. ಅಂಥ ಒಂದು ದಿನ ಡಾಕ್ಟರು ನನ್ನನ್ನು ಕರೆದು, ಕಿಡ್ನಿ ಕಸಿ ಮಾಡಿಸುವುದಾದರೆ ಅಮ್ಮನ ಹೃದಯ ಗಟ್ಟಿ ಇರುವಾಗಲೇ ಮಾಡಿಸಬೇಕು, ಮನೆಯಲ್ಲಿ ಕೊಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನಾನು ಒಬ್ಬನೇ ಮಗ. "ನಾನು ಕೊಡ್ತೇನೆ" ಎಂದೆ. ಅಷ್ಟು ಸುಲಭವಾಗಿ ಹೇಳಿದೆನಲ್ಲ ಎಂದು ಲಿಫ್ಟಿನಲ್ಲಿ ಇಳಿಯುವಾಗ ನನಗೇ ಆಶ್ಚರ್ಯವಾಯಿತು.

ಶುಭಾಳಿಗೆ ಹೇಳಿದಾಗ ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ನನಗೆ ಹೆದರಿಕೆ ಆಗ್ತದೆ" ಎಂದಳು. ಆಮೇಲೆ, "ಆದರೂ ಕೊಡಿ."

ಅಮ್ಮನದು ಒಂದೇ ಮಾತು. "ಬೇಡ."

"ಯಾಕೆ?"

"ಬೇಡ ಅಂದರೆ ಬೇಡ. ಅದರಲ್ಲಿ ಯಾಕೆ ಎಂತ ಉಂಟು?"

ಡಾಕ್ಟರು ಹೇಳಿ ನೋಡಿದರು. ಶುಭಾ ಹೇಳಿ ನೋಡಿದಳು. ಸಿಸ್ಟರ್ ಲವೀನಾ ಸೂಜಿ ಚುಚ್ಚುತ್ತಾ, ಒಂದು ಕಿಡ್ನಿಯಲ್ಲಿ ಮನುಷ್ಯ ಆರಾಮಾಗಿ ಬದುಕುತ್ತಾನೆ ಎಂದು ವಿವರಿಸಿದಳು. ಅಮ್ಮ ಎಲ್ಲವನ್ನೂ ಕೇಳಿ ತಲೆಯಾಡಿಸಿ ಕೊನೆಗೆ "ಬೇಡ" ಎನ್ನುವಳು. ಮಗನಿಗೆ ಏನಾದರೂ ಆದೀತೆಂಬ ಭಯವಿರಬೇಕೆಂದು ನಾವೆಲ್ಲ ಅಂದುಕೊಂಡೆವು. ಯಾವ ತಾಯಿಗಾದರೂ ಇರುವುದೇ.

ನಾನು ಉಪಾಯ ಮಾಡಿದೆ. ಪುಸ್ತಕವನ್ನು ಮೊದಲೇ ಓದಿ, ಮಕ್ಕಳು ಕೊಟ್ಟದ್ದನ್ನು ಹೆತ್ತವರು ಸ್ವೀಕರಿಸಿ ಸುಖವಾಗುವ ಕಥೆಗಳನ್ನೇ ಆರಿಸತೊಡಗಿದೆ. ಎರಡು ಕಥೆ ನಡೆಯಿತು. ಮೂರನೆಯದರ ಅರ್ಧದಲ್ಲಿ ಅಮ್ಮ ತಡೆದಳು.

"ನೀನು ಕಥೆ ಓದುದಾ, ನನಗೆ ಪಾಠ ಮಾಡುದಾ?"

ಹಮೀದಾಕ ಕಿಸಕ್ಕನೆ ನಕ್ಕರು. ನಾನು ಪುಸ್ತಕ ಅವಳ ಬಲಗೈಗೆ ಕೊಟ್ಟೆ. "ನೀನೇ ತೆಗಿ." ಅವಳು ಕಣ್ಣು ಮುಚ್ಚಿ ಒಂದು ಪುಟ ಬಿಡಿಸಿದಳು.

ಅವಳ ಕೈಗೆ ಬಂದ ಕಥೆ ಹೀಗಿತ್ತು. ಬೆಟ್ಟದ ಊರೊಂದರಲ್ಲಿ ನಡೆಯಲಾಗದ ತಾಯಿಯನ್ನು ಮಗಳು ಬೆನ್ನ ಮೇಲೆ ಹೊತ್ತು, ಆಚೆ ಊರಿನಲ್ಲಿರುವ ತಾಯಿಯ ತಂಗಿಯ ಮನೆಗೆ ಹೊರಡುತ್ತಾಳೆ. ದಾರಿಯುದ್ದಕ್ಕೂ ತಾಯಿ "ನಿನಗೆ ಕಷ್ಟ ಕೊಟ್ಟೆ, ನಿನಗೆ ಭಾರವಾದೆ" ಎನ್ನುತ್ತಲೇ ಇರುತ್ತಾಳೆ. ಅರ್ಧ ದಾರಿಯಲ್ಲಿ ಮಗಳು ತಾಯಿಯನ್ನು ಕೆಳಗಿಳಿಸಿ ದೂರ ಹೋಗಿ ಕೂತು ಅಳುತ್ತಾಳೆ. ಮತ್ತೆ ಬಂದು ಹೊತ್ತುಕೊಳ್ಳುತ್ತಾಳೆ. ಕಥೆ ಅಷ್ಟೇ.

ಓದಿ ಮುಗಿಸಿದಾಗ ಹಮೀದಾಕ "ಪಾಪ, ಎಷ್ಟು ಭಾರ ಆಗಿರಬೇಕು" ಎಂದರು. ಅಮ್ಮ ಏನೂ ಹೇಳದ ಮೊದಲ ಕಥೆ ಅದು.

ಮಾತು ಬಂದದ್ದು ಹಿಂತಿರುಗುವಾಗ, ಕಾರಿನಲ್ಲಿ. ಮಳೆಗೆ ಗಾಜು ಒರಸುವ ಕಡ್ಡಿಗಳು ದಡಬಡ ಆಡುತ್ತಿದ್ದವು.

"ಆ ಹುಡುಗಿ ಸುಸ್ತಾದ್ದು ಭಾರದಿಂದ ಅಲ್ಲ."

"ಮತ್ತೆ?"

"ಅವಳಮ್ಮನ ಉಪಚಾರದ ಮಾತಿನಿಂದ. ಅಷ್ಟು ಸಲ ಪಾಪ, ಕಷ್ಟ, ಭಾರ ಅಂದರೆ ಯಾರಿಗೆ ಆಗ್ತದೆ?" ನನ್ನ ಕಡೆ ನೋಡದೆ ಹೇಳಿದಳು: "ನಿನ್ನ ಕಿಡ್ನಿ ಹಾಕಿಸಿಕೊಂಡರೆ ನಾನು ಸಹ ಹಾಗೇ ಆಗ್ತೇನೆ. ನಿನ್ನದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನಿನಗೆ ಬೈಯುದು ಹೇಗೆ? ನೀನು ಬಟ್ಟೆ ಬಿಸಾಡಿ ಹೋದರೆ, ಶುಭಾಳ ಹತ್ತಿರ ಬೊಬ್ಬೆ ಹೊಡೆದರೆ, ನಾನು ಬಾಯಿ ಮುಚ್ಚಿ ಕೂರಬೇಕಾ? ಬೈಯದೆ ನಾನು ನಿನಗೆ ಯಾರು?"

ನಾನು ಕಾರನ್ನು ಬದಿಗೆ ನಿಲ್ಲಿಸಬೇಕಾಯಿತು. ನನ್ನ ಪ್ರಾಣಕ್ಕೆ ಹೆದರಿದ್ದಾಳೆ ಎಂದುಕೊಂಡಿದ್ದೆ. ಅವಳು ಹೆದರಿದ್ದು ತನ್ನ ಬಾಯಿಗೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಕುಶಾಲಿಗೆ ಹೇಳಿದ್ದಲ್ಲ. ನನ್ನ ಇಡೀ ಬಾಲ್ಯ ಅವಳ ಬೈಗುಳದಲ್ಲೇ ಕಳೆದಿದೆ. ಮುದ್ದು ಮಾಡಲು ಅವಳಿಗೆ ಪುರುಸೊತ್ತು ಎಲ್ಲಿತ್ತು? ಎಣ್ಣೆ ಕಾಯುತ್ತಿರುವಾಗ, ಗಿರಾಕಿಗಳು ಕರೆಯುತ್ತಿರುವಾಗ, ನಾನಿದ್ದೇನೆ ಎಂದು ಅವಳಿಗೆ ನೆನಪಿದೆಯೆಂಬುದು ಗೊತ್ತಾಗುತ್ತಿದ್ದದ್ದೇ ಅವಳು ಬೈದಾಗ.

ಈ ಮಾತನ್ನು ಮುಂದಿನ ಗುರುವಾರ ಅಮ್ಮನೇ ಹಮೀದಾಕನ ಮುಂದೆ ಇಟ್ಟಳು. ನ್ಯಾಯ ಕೇಳುವವರ ಹಾಗೆ. "ನೀವೇ ಹೇಳಿ ಹಮೀದ್, ನಾನು ಹೇಳುದು ತಪ್ಪಾ?"

ಹಮೀದಾಕ ಬಲಗೈಯಿಂದ ಹೊದಿಕೆ ಸರಿಸಿ, ಅಂಗಿಯ ಮೇಲೆಯೇ ಹೊಟ್ಟೆಯ ಕೆಳಗೆ ಒಂದು ಕಡೆ ಮುಟ್ಟಿದರು.

"ಅಕ್ಕ, ಇಲ್ಲಿ ನನ್ನ ಮಗಳು ಸಫಿಯಾಳದ್ದು ಉಂಟು."

ನಮಗಿಬ್ಬರಿಗೂ ಅದು ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆಯೇ ಮಗಳ ಮೂತ್ರಪಿಂಡ ಕಸಿ ಮಾಡಿಸಿಕೊಂಡಿದ್ದರು. ಸ್ವಲ್ಪ ಕಾಲ ಚೆನ್ನಾಗಿ ನಡೆದು, ಆಮೇಲೆ ಒಂದು ಜ್ವರದ ನಂತರ ಕೆಟ್ಟಿತು. ತೆಗೆಯುವ ಅಗತ್ಯವಿಲ್ಲವೆಂದು ಡಾಕ್ಟರು ಅಲ್ಲೇ ಬಿಟ್ಟಿದ್ದರು. ಅವರು ಮತ್ತೆ ಯಂತ್ರಕ್ಕೆ ಬಂದದ್ದು ಹಾಗೆ.

"ಒಳಗೆ ಉಂಟು. ಕೆಲಸ ಮಾಡುದಿಲ್ಲ, ಅಷ್ಟೇ" ಎಂದರು.

ಅಮ್ಮ ತುಂಬಾ ಹೊತ್ತು ಆ ಜಾಗವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಅವಳು ಎಂತ ಹೇಳ್ತಾಳೆ?" ಎಂದಳು.

"ಈಗ ಬರ್ತಾಳಲ್ಲ, ನೋಡಿ."

ಸಫಿಯಾ ಪ್ರತಿಸಲ ತಂದೆಯನ್ನು ಕರೆದೊಯ್ಯಲು ಬರುವವಳು. ಅವತ್ತು ಬಂದವಳೇ ಹಾಸಿಗೆಗೆ ತೂಗುಹಾಕಿದ ಚೀಟಿಯಲ್ಲಿ ತೂಕ ನೋಡಿದಳು. ಕೊಡೆಯನ್ನೂ ಕೆಳಗಿಡಲಿಲ್ಲ.

"ಬಾಪಾ, ಇಷ್ಟು ವೇಟ್ ಹೇಗೆ ಬಂತು? ಪುನಃ ಆ ಮೂಲೆ ಅಂಗಡಿಗೆ ಹೋಗಿ ಸೋಡಾ ಶರ್ಬತ್ ಕುಡಿದಿರಾ? ಸತ್ಯ ಹೇಳಿ."

"ಅರ್ಧ ಗ್ಲಾಸು. ಅಂಗಡಿಯವ ಒತ್ತಾಯ ಮಾಡಿದ."

"ಅಂಗಡಿಯವ ಬಂದು ಇಲ್ಲಿ ಮಲಗ್ತಾನಾ ನಿಮ್ಮ ಬದಲಿಗೆ?"

"ನೀನು ಮೊನ್ನೆ ಮೀನಿಗೆ ಅಷ್ಟು ಉಪ್ಪು ಹಾಕಿದ್ದು ಯಾಕೆ? ಬಾಯಾರಿಕೆ ಆದದ್ದು ಅದರಿಂದ!" ಹಮೀದಾಕನೂ ಸ್ವರ ಏರಿಸಿದರು. ಮಲಗಿದ್ದಲ್ಲಿಂದಲೇ ಮಗಳಿಗೆ ಅವಳ ಮೀನು, ಅವಳ ಸ್ಕೂಟರು, ಅವಳ ಫೋನು ಎಲ್ಲದರ ಬಗ್ಗೆ ಬೈದರು. ಅವಳೂ ಬಿಡಲಿಲ್ಲ. ಸಿಸ್ಟರ್ ಲವೀನಾ ಬಂದು ಇಬ್ಬರನ್ನೂ ಗದರಿಸಬೇಕಾಯಿತು. ಅಮ್ಮ ತಲೆಯನ್ನು ಆ ಕಡೆಗೂ ಈ ಕಡೆಗೂ ತಿರುಗಿಸುತ್ತಾ, ಕಣ್ಣು ಮಿಟುಕಿಸದೆ, ನನ್ನ ಯಾವ ಕಥೆಯನ್ನೂ ಕೇಳದಷ್ಟು ಗಮನದಿಂದ ಅದನ್ನು ಕೇಳಿದಳು.

ಮನೆ ಹತ್ತಿರ ಬರುವಾಗ ಹೇಳಿದಳು: "ಅವನ ಮಗಳು ಚೆನ್ನಾಗಿ ಬೈತಾಳೆ. ಅವನು ಸಹ ಬಿಡುದಿಲ್ಲ."

"ಹೌದು."

"ಆ ಟೆಸ್ಟು ಎಲ್ಲಿ ಮಾಡುದು ಅಂತ ಹೇಳಿದ್ದರು ಡಾಕ್ಟರು?"

ಶುಭಾ ಆ ರಾತ್ರಿ ಪಾಯಸ ಮಾಡಿದಳು. ಅಮ್ಮ ಒಂದೇ ಒಂದು ಚಮಚ ತಿಂದಳು.

ರಕ್ತದ ಗುಂಪು ಹೊಂದಿತು. ಮುಂದಿನದು ಹೊಟ್ಟೆಯ ಸ್ಕ್ಯಾನು. ಅಮ್ಮನೂ ನನ್ನ ಜೊತೆ ಬಂದು ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ತಣ್ಣನೆಯ ಜೆಲ್ಲು ಹಚ್ಚಿ ಡಾಕ್ಟರು ಬಲಗಡೆ ನೋಡಿದರು, ಎಡಗಡೆ ನೋಡಿದರು. ಮಗ್ಗುಲಾಗಲು ಹೇಳಿ ಮತ್ತೆ ಎಡಗಡೆ ನೋಡಿದರು.

"ಮೊದಲು ಯಾವಾಗಲಾದರೂ ಸ್ಕ್ಯಾನ್ ಮಾಡಿಸಿದ್ದೀರಾ?"

"ಇಲ್ಲ. ನನಗೆ ಎಂತ ಕಾಯಿಲೆಯೂ ಬಂದದ್ದಿಲ್ಲ."

ಅವರು ಇನ್ನೊಬ್ಬ ಡಾಕ್ಟರನ್ನು ಕರೆದರು. ಇಬ್ಬರೂ ಪರದೆ ನೋಡಿ ಏನೋ ಮಾತಾಡಿಕೊಂಡರು. ಆಮೇಲೆ ಮೊದಲಿನವರು ನನಗೆ ಒರಸಿಕೊಳ್ಳಲು ಬಟ್ಟೆ ಕೊಟ್ಟು, "ನಿಮಗೆ ಎಡಗಡೆ ಕಿಡ್ನಿ ಇಲ್ಲ" ಎಂದರು.

"ಇಲ್ಲ ಅಂದರೆ?"

"ಹುಟ್ಟುವಾಗಲೇ ಇಲ್ಲ. ಕೆಲವರಿಗೆ ಹೀಗೆ ಆಗ್ತದೆ. ಬಲಗಡೆಯದ್ದು ದೊಡ್ಡದಾಗಿ ಬೆಳೆದು ಎರಡರ ಕೆಲಸವನ್ನೂ ಮಾಡ್ತಾ ಉಂಟು. ಹೆದರುವಂಥದ್ದು ಏನಿಲ್ಲ. ಆದರೆ ಕೊಡ್ಲಿಕ್ಕೆ ಆಗುದಿಲ್ಲ."

ಅಂಗಿ ಹಾಕಿಕೊಳ್ಳುವಾಗ ನನ್ನ ಕೈ ತಾನಾಗಿಯೇ ಎಡಗಡೆಯ ಬೆನ್ನನ್ನು ಮುಟ್ಟಿ ನೋಡಿತು. ಈ ಮೈಯಲ್ಲೇ ಹೋಟೆಲಿಗೆ ಗ್ಯಾಸ್ ಸಿಲಿಂಡರ್ ಹೊತ್ತಿದ್ದೇನೆ, ವಾಲಿಬಾಲ್ ಆಡಿದ್ದೇನೆ. ಇಷ್ಟು ವರ್ಷ ಜೊತೆಗಿದ್ದ ದೇಹದ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ದುಃಖಕ್ಕಿಂತ ಮೊದಲು ಬಂದದ್ದು ಒಂದು ಥರದ ಬೆರಗು. ದುಃಖ ಬಂದದ್ದು ಬಾಗಿಲು ತೆರೆದು ಅಮ್ಮನನ್ನು ನೋಡಿದಾಗ.

"ಎಂತ ಹೇಳಿದರು?"

"ಆಗುದಿಲ್ಲ ಅಮ್ಮ. ನನ್ನಲ್ಲಿ ಇರುದೇ ಒಂದು."

"ಇನ್ನೊಂದು ಎಲ್ಲಿ ಹೋಯಿತು?" ಕೊಡೆ ಕಳೆದುಕೊಂಡು ಬಂದವನನ್ನು ಕೇಳುವ ಹಾಗೆ ಕೇಳಿದಳು.

"ಹೋದದ್ದಲ್ಲ. ಹುಟ್ಟುವಾಗಲೇ ಇರಲಿಲ್ಲವಂತೆ."

ಅವಳು ಬೆಂಚಿನ ಮೇಲೆ ಸ್ವಲ್ಪ ಹಿಂದಕ್ಕೆ ಸರಿದಳು. ಮುಖದಲ್ಲಿದ್ದದ್ದು ನಿರಾಶೆಯಲ್ಲ. ಆ ಕ್ಷಣ ತನ್ನ ಕಾಯಿಲೆ ಅವಳಿಗೆ ಮರೆತೇ ಹೋಗಿತ್ತೆಂದು ಈಗಲೂ ನಂಬುತ್ತೇನೆ.

"ಹಾಗಾದರೆ ನಾನು ಒಂದೇ ಕೊಟ್ಟು ಕಳಿಸಿದ್ದಾ?"

ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲ ತಿರುವುಮುರುವಾಯಿತು. ಬೆಳಿಗ್ಗೆ ನಾನು ಎದ್ದು ಬರುವ ಹೊತ್ತಿಗೆ ಮೇಜಿನ ಮೇಲೆ ತಂಬಿಗೆ ತುಂಬ ನೀರು. "ಕುಡಿ" ಎನ್ನುವಳು. ಕಾರ್ಖಾನೆಗೆ ಫೋನು ಮಾಡಿ "ನೀರು ಕುಡಿದಿಯಾ?" ಎಂದು ಕೇಳುವಳು. ತಾನು ಗುಟುಕು ಗುಟುಕಾಗಿ ಅಳೆದು ಕುಡಿಯುವವಳು, ನಾನು ಕುಡಿಯುವಾಗ ಎದುರು ನಿಂತು ನನ್ನ ಗಂಟಲು ಏರಿಳಿಯುವುದನ್ನೇ ನೋಡುವಳು. ನನಗೆ ನೀರು ಇಳಿಯುತ್ತಿರಲಿಲ್ಲ, ಆದರೂ ಕುಡಿಯುತ್ತಿದ್ದೆ.

ಮತ್ತೆ ಅವಳು ಹುಡುಕಲು ಶುರುಮಾಡಿದಳು. ಡಾಕ್ಟರು ಇದಕ್ಕೆ ಯಾರೂ ಕಾರಣರಲ್ಲ ಎಂದು ಹೇಳಿದ್ದರು. ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ತಾನು ತಿಂದದ್ದು, ಕುಡಿದದ್ದು, ಎತ್ತಿದ್ದು ಎಲ್ಲವನ್ನೂ ನೆನಪಿಸಿಕೊಳ್ಳತೊಡಗಿದಳು. ಕಾರಿನಲ್ಲಿ ಕೂತರೆ ಅದೇ. "ಮೂರನೇ ತಿಂಗಳಲ್ಲಿ ಪಪ್ಪಾಯಿ ತಿಂದಿದ್ದೆ. ಒಂದೇ ತುಂಡು." ಇನ್ನೊಂದು ದಿನ: "ಭಾರದ ಅಕ್ಕಿ ಮುಡಿ ಎಳೆದಿದ್ದೆ, ನಿನ್ನ ಅಪ್ಪ ಬೇಡ ಅಂದಿದ್ದರು." ಒದ್ದೆ ಸೌದೆಯ ಹೊಗೆ, ಮೆಟ್ಟಿಲಲ್ಲಿ ಜಾರಿ ಕೂತದ್ದು, ಬಸುರಿ ನೋಡಬಾರದು ಎನ್ನುವ ಗ್ರಹಣ ನೋಡಿದ್ದು. ಅವಳಿಗೆ ಅದು ಸಂಕಟ. ನನಗೆ ಮಾತ್ರ, ಹೇಳಲು ನಾಚಿಕೆಯಾಗುತ್ತದೆ, ಅದನ್ನು ಕೇಳುವುದು ಇಷ್ಟವಾಗುತ್ತಿತ್ತು. ನಾನು ಹುಟ್ಟುವ ಮೊದಲಿನ ಬಂದರು, ಇಪ್ಪತ್ತರ ಹರೆಯದ ಅಮ್ಮ, ಮೀಸೆ ತಿರುವುವ ಅಪ್ಪ, ಇವರನ್ನೆಲ್ಲ ನಾನು ಮೊದಲ ಸಲ ನೋಡುತ್ತಿದ್ದೆ. ಚೀಲದೊಳಗಿದ್ದ ಪುಸ್ತಕವನ್ನು ಯಾರೂ ಕೇಳಲಿಲ್ಲ.

ಮೃತರ ಅಂಗ ಪಡೆಯುವವರ ಪಟ್ಟಿಯಲ್ಲಿ ಅಮ್ಮನ ಹೆಸರು ಸೇರಿಸಿದೆವು. ಅಮ್ಮ ಹೃದಯದ ತೊಂದರೆಯಿಂದ ತೀರಿಕೊಂಡದ್ದು ಇನ್ನೂ ಎರಡು ಮಳೆಗಾಲ ಕಂಡ ಮೇಲೆ. ಪಟ್ಟಿಯಿಂದ ಕರೆ ಬರಲಿಲ್ಲ. ಆ ಎರಡು ವರ್ಷವೂ ನಾವು ಓದಿದೆವು, ಬೇರೆ ಬೇರೆ ಪುಸ್ತಕ. ಹಮೀದಾಕ ಈಗಲೂ ಅದೇ ಹಾಸಿಗೆಯಲ್ಲಿ ಮಲಗುತ್ತಾರೆ, ನಾನು ಆಗಾಗ ಹೋಗಿ ಮಾತಾಡಿಸಿ ಬರುತ್ತೇನೆ. ಆದರೆ ಆ ಮೊದಲ ಮಳೆಗಾಲದ ಕೊನೆಯಲ್ಲಿ ನಡೆದದ್ದನ್ನು ಹೇಳದೆ ಇದನ್ನು ಮುಗಿಸಲಾರೆ.

ಚೌತಿ ಕಳೆದು ಮಳೆ ಬಿಟ್ಟುಬಿಟ್ಟು ಬರುತ್ತಿದ್ದ ದಿನಗಳು. ಒಂದು ಸೋಮವಾರ, ಯಂತ್ರ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಹಮೀದಾಕ, "ಎಂತ, ಈಗ ಕಥೆ ಇಲ್ಲವಾ? ನನಗೆ ಇಲ್ಲಿ ಬೋರಾಗ್ತದೆ" ಎಂದರು.

"ಇವತ್ತು ನಾನು ಹೇಳ್ತೇನೆ" ಎಂದಳು ಅಮ್ಮ.

ನಾನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳು ಚಾವಣಿಯ ಕಡೆ ನೋಡುತ್ತಾ ಹೇಳಿದಳು, ಸ್ವರ ಏರಿಸದೆ.

ನಾನು ಹೊಟ್ಟೆಯಲ್ಲಿದ್ದು ಎಂಟನೇ ತಿಂಗಳು. ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಹೋಗಬೇಕೆಂದು ಅವಳು. ಹೋಟೆಲಿಗೆ ಜನ ಸಿಕ್ಕುವವರೆಗೆ ನಿಲ್ಲು ಎಂದು ಅಪ್ಪ. ಒಂದು ದಿನ ಮಧ್ಯಾಹ್ನ, ಊಟದ ಗಿರಾಕಿಗಳು ತುಂಬಿರುವಾಗಲೇ, ಸಾರಿನ ಸೌಟನ್ನು ಕೆಳಗಿಟ್ಟು ಹಿಂಬಾಗಿಲಿನಿಂದ ಹೊರಟಳು. ಬಸ್ಸಿನ ಕಡೆ ಹೋದರೆ ಗುರುತಿನವರು ಸಿಕ್ಕುತ್ತಾರೆಂದು ಹೊಳೆಯ ಕಡೆ ನಡೆದಳು. ಬೆಂಗ್ರೆಗೆ ಹೋಗುವ ದೋಣಿ ನಿಂತಿತ್ತು. ಹತ್ತಿ ಕೂತಳು.

"ಬೆಂಗ್ರೆಯಲ್ಲಿ ನಿನಗೆ ಯಾರಿದ್ದರು?" ನಾನು ಕೇಳಿದೆ.

"ಯಾರೂ ಇಲ್ಲ. ಆಚೆ ದಡ ಅಂತ ಒಂದು ಉಂಟಲ್ಲ, ಅಷ್ಟೇ."

ದೋಣಿ ಆಚೆ ಮುಟ್ಟಿತು. ಎಲ್ಲರೂ ಇಳಿದರು. ಇವಳು ಇಳಿಯಲಿಲ್ಲ. ದೋಣಿಯವ "ಇಳಿಯುದಿಲ್ಲವಾ?" ಎಂದು ಕೇಳಿದ. ಇವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಮತ್ತೇನೂ ಕೇಳದೆ ಹುಟ್ಟು ಹಾಕಿದ. ಈಚೆ ಬಂದಾಗಲೂ ಇಳಿಯಲಿಲ್ಲ. ಆ ಮಧ್ಯಾಹ್ನವೆಲ್ಲ ಜನ ಹತ್ತಿದರು, ಇಳಿದರು. ಸಣ್ಣ ಮಳೆ ಬಂತು, ಬಿಟ್ಟಿತು. ಇವಳು ಹೊಟ್ಟೆಯ ಮೇಲೆ ಸೆರಗು ಹೊದ್ದು ಕೂತೇ ಇದ್ದಳು.

"ಆಚೆ ಮುಟ್ಟುವಾಗ ಪ್ರತಿ ಸಲ ಅಂದುಕೊಂಡೆ, ಈ ಹೊಟ್ಟೆ ಇಲ್ಲದಿದ್ದರೆ ಇಳಿದುಬಿಡ್ತಿದ್ದೆ. ಎಲ್ಲಿಗಾದರೂ ಹೋಗ್ತಿದ್ದೆ." ಅವಳು ತಲೆ ತಿರುಗಿಸಿ ನನ್ನನ್ನು ನೋಡಿದಳು. "ಅವತ್ತು ನಾನು ನಿನ್ನನ್ನು ಬೇಡ ಅಂದೆ. ಬಾಯಿ ಬಿಟ್ಟು ಅಂದದ್ದಲ್ಲ. ಮನಸ್ಸಿನಲ್ಲಿ. ಪಪ್ಪಾಯಿ, ಅಕ್ಕಿ ಮುಡಿ ಅದೆಲ್ಲ ಎಂತದ್ದೂ ಅಲ್ಲ. ಇದೇ."

ಹಮೀದಾಕ ಕಥೆಗಳಿಗೆಲ್ಲ ತೀರ್ಪು ಕೊಡುವವರು, ಅವತ್ತು ಹೊದಿಕೆಯ ಅಂಚನ್ನು ನೋಡುತ್ತಿದ್ದರು. ನನಗೆ ನೋವಾಗಬೇಕಿತ್ತೋ ಏನೋ. ನನ್ನ ಕಣ್ಣ ಮುಂದೆ ಇದ್ದದ್ದು ದೋಣಿಯಲ್ಲಿ ಕೂತ ಆ ಹುಡುಗಿ ಮಾತ್ರ. ಅವಳ ಬಗ್ಗೆ ನನಗೆ ಇನ್ನಷ್ಟು ತಿಳಿಯಬೇಕಿತ್ತು.

"ಮತ್ತೆ ಹೋಟೆಲಿಗೆ ಯಾಕೆ ಬಂದೆ?"

"ಯಾಕೆ ಎಂತ? ಕತ್ತಲಾಯಿತು. ದೋಣಿ ಈಚೆ ದಡದಲ್ಲಿ ನಿಂತಿತು. ನಾನು ಇಳಿದೆ."

"ಅಪ್ಪ ಎಂತ ಹೇಳಿದರು?"

"ಸಾರು ತಳ ಹಿಡಿದಿದೆ ಅಂದರು."

ನಾನು ಅವಳ ಬಲಗೈ ಹಿಡಿದುಕೊಂಡೆ. "ಅಮ್ಮ, ನಾನು ಡಾಕ್ಟರ ಹತ್ತಿರ ಎಲ್ಲ ಕೇಳಿದ್ದೇನೆ. ಮಗುವಿಗೆ ಕಿಡ್ನಿ ಮೂಡುದು ಶುರುವಿನ ತಿಂಗಳುಗಳಲ್ಲಿ. ನೀನು ದೋಣಿ ಹತ್ತಿದ್ದು ಎಂಟನೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ನನಗೆ ಎಷ್ಟು ಆಗ್ಲಿಕ್ಕಿತ್ತೋ ಅಷ್ಟು ಆಗಿ ಮುಗಿದಿತ್ತು. ನೀನು ಎಂತ ಅಂದುಕೊಂಡರೂ ಅದು ಹೆಚ್ಚು ಕಮ್ಮಿ ಆಗುದಿಲ್ಲ."

ಅವಳು ನನ್ನನ್ನು ದಿಟ್ಟಿಸಿದಳು. "ಸತ್ಯವಾ?"

"ಸತ್ಯ. ಬೇಕಾದರೆ ಸಿಸ್ಟರನ್ನು ಕೇಳು."

ಸಿಸ್ಟರ್ ಲವೀನಾ ದೂರದಿಂದಲೇ "ಹೌದು ಅಮ್ಮ" ಎಂದಳು. ವಾರ್ಡು ಪೂರ್ತಿ ಕಿವಿಗೊಟ್ಟು ಕೇಳುತ್ತಿತ್ತೆಂದು ಆಗ ತಿಳಿಯಿತು. ಅಮ್ಮ ತುಟಿ ಅಲುಗಿಸುತ್ತಾ ತಿಂಗಳುಗಳನ್ನು ಲೆಕ್ಕ ಹಾಕಿದಳು. ದೊಡ್ಡದೊಂದು ಉಸಿರು ಬಿಟ್ಟಳು. ಆಮೇಲೆ ಅವಳ ಮುಖ ಸಿಟ್ಟಿಗೇರಿತು.

"ಇದನ್ನು ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು ಮಾರಾಯ? ನಾನು ಸುಮ್ಮನೆ ಎಲ್ಲ ಹೇಳಿಬಿಟ್ಟೆ!"

ಹಮೀದಾಕ ನಗು ತಡೆಯಲು ನೋಡಿದರು, ಆಗಲಿಲ್ಲ. ಅವರು ನಕ್ಕ ರಭಸಕ್ಕೆ ಸೂಜಿ ಚುಚ್ಚಿದ ಕೈ ಅಲುಗಿ ಅವರ ಯಂತ್ರ ಕೂಗಿಕೊಂಡಿತು. ನಾನು ನಗುವುದನ್ನು ನೋಡಿ ಅಮ್ಮನೂ ನಕ್ಕಳು, ಅವಳ ಯಂತ್ರವೂ ಕೂಗಿತು. ಲವೀನಾ ಎರಡು ಹಾಸಿಗೆಗಳ ನಡುವೆ ಓಡಿ ಬಂದು, ಯಾವುದನ್ನು ಮೊದಲು ನಿಲ್ಲಿಸಬೇಕೆಂದು ತಿಳಿಯದೆ, ಸೊಂಟದ ಮೇಲೆ ಕೈಯಿಟ್ಟು ನಿಂತಳು.